ವಿಕ್ರೋಳಿಯ ದಾರಿಯಲ್ಲಿ ನಾಗೇಶಿಯ ಹೊಸ ಮೇಳ

ಮುಂಬಯಿಯ ಮಧ್ಯ ರೇಲ್ವೆಯ ಮಾರ್ಗದಲ್ಲಿ ಘಾಟಕೋಪರಕ್ಕೂ ಕಾಂಜೂರಮಾರ್ಗಕ್ಕೂ ನಡುವೆ ಇರುವ ವಿಕ್ರೋಳಿಯು ವೇಗದ ಗಾಡಿಗಳು ನಿಲ್ಲದೆ ಹಾದುಹೋಗುವ ನಿಲ್ದಾಣ. 1940ರ ದಶಕದಲ್ಲಿ ಪಿರೋಜ್‌ಷಾ ಗೋದ್ರೇಜರು ಇಲ್ಲಿ ವಿಸ್ತಾರವಾದ ಭೂಮಿಯನ್ನು ಕೊಂಡು, ಮುಂದೆ ಕಾರ್ಖಾನೆಗಳನ್ನು ಕಟ್ಟಿಸಿ, ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಗೆ ಬೇಕಾದ ಉಕ್ಕಿನ ಮತಪೆಟ್ಟಿಗೆಗಳನ್ನು ಲಕ್ಷಗಟ್ಟಲೆ ಇಲ್ಲಿಂದ ಕಳುಹಿಸಿದರೆಂಬುದು ಈ ಊರಿನ ಹಳೆಯ ಹೆಮ್ಮೆ. ಕಾರ್ಖಾನೆಯ ಬೆನ್ನಿಗೆ ವಸತಿ ಬಂದಿತು. ಕನ್ನಮವಾರ ನಗರ, ಟಾಗೋರ ನಗರ, ಪಾರ್ಕ್‌ಸೈಟ್ ಎಂಬ ಬಡಾವಣೆಗಳೆದ್ದವು. ಕೊಂಕಣದಿಂದಲೂ ಘಟ್ಟದ ಮೇಲಿನ ‘ದೇಶ’ವೆಂಬ ಬಯಲಿನಿಂದಲೂ ಬಂದ ಮರಾಠಿಗರು, ಉತ್ತರದ ಹಿಂದಿ ನಾಡಿನವರು, ತಮಿಳರು, ತುಳುವರು, ಉತ್ತರ ಕರ್ನಾಟಕದ ಕನ್ನಡಿಗರು ಒಂದೇ ಮಾಳಿಗೆಯ ಒಂದೇ ಓಣಿಯಲ್ಲಿ ಬಾಗಿಲಿಗೆ ಬಾಗಿಲು ತಾಗಿಸಿಕೊಂಡು ಬಾಳತೊಡಗಿದರು. ಇಂತಹ ಓಣಿಯಲ್ಲಿ ಬೆಳೆದ ಮಗುವು ಮನೆಯಲ್ಲೊಂದು, ಮೆಟ್ಟಿಲಿನಲ್ಲೊಂದು, ಶಾಲೆಯಲ್ಲೊಂದು, ಅಂಗಡಿಯಲ್ಲೊಂದು ಭಾಷೆಯನ್ನಾಡುತ್ತ, ಒಂದರ ಪ್ರಾಸಕ್ಕೆ ಮತ್ತೊಂದರ ಪದವನ್ನು ತಂದು ಜೋಡಿಸುವ ವಿದ್ಯೆಯನ್ನು ಯಾರೂ ಕಲಿಸದೆಯೇ ಕಲಿತುಕೊಳ್ಳುತ್ತದೆ. ರ‍್ಯಾಪ್ ಎಂಬ ಗಾನಪ್ರಕಾರಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿರಲಾರದು.

ಆದರೆ ಆ ಮಗು ಹೆಣ್ಣಾದರೆ ಏನಾಗುತ್ತದೆ? ಚಿತ್ರರಂಗದ ಹೆಬ್ಬಾಗಿಲಿನಿಂದ ಪ್ರವೇಶಿಸದೆ, ದೊಡ್ಡ ಸಂಗೀತ ಕಂಪನಿಗಳ ಆಶ್ರಯವಿಲ್ಲದೆ, ಸಣ್ಣ ಕೂಟಗಳಲ್ಲಿಯೂ ಮೊಬೈಲಿನ ಪರದೆಯ ಮೇಲೂ ತಮ್ಮ ಕೇಳುಗರನ್ನು ತಾವೇ ಹುಡುಕಿಕೊಳ್ಳುವ ಗಾಯಕರನ್ನು ‘ಅಂಡರ್‌ಗ್ರೌಂಡ್’ ಕಲಾವಿದರೆಂದು ಕರೆಯುವ ರೂಢಿಯುಂಟು. ಅವರೊಳಗೆ ಹೆಂಗಸರ ವೃತ್ತಿಜೀವನ ಹೇಗೆ ಸಾಗುತ್ತದೆ, ಎಲ್ಲಿ ತಡೆಯುತ್ತದೆ ಎಂಬುದೇ ಈ ಲೇಖನದ ವಿಷಯ.

ಹಿಪ್ ಹಾಪಿನ ಜನ್ಮವೃತ್ತಾಂತವನ್ನು ಹೇಳುವವರು 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಸೆಜ್‌ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ವಸತಿಗೃಹದಲ್ಲಿ ಕೂಲ್ ಹರ್ಕ್ ಎಂಬ ಯುವಕನು ಎರಡು ಗ್ರಾಮಫೋನುಗಳ ನಡುವೆ ನಿಂತು ನಡೆಸಿದ ಕೂಟದಿಂದ ಪ್ರಾರಂಭಿಸುತ್ತಾರೆ. ಆ ಕೂಟವನ್ನು ಏರ್ಪಡಿಸಿದವಳು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಶಾಲೆ ತೆರೆಯುವ ಮೊದಲು ಹೊಸ ಬಟ್ಟೆ ಕೊಳ್ಳಲು ಹಣ ಬೇಕಾಗಿ, ಕೋಣೆಯನ್ನು ಬಾಡಿಗೆಗೆ ಹಿಡಿದು, ಪ್ರವೇಶಧನವನ್ನಿಟ್ಟು ಜನರನ್ನು ಕರೆದವಳು ಅವಳು. ಆರು ವರ್ಷಗಳ ತರುವಾಯ, 1979ರಲ್ಲಿ, ರ‍್ಯಾಪನ್ನು ಮನೆಮನೆಗೆ ಮುಟ್ಟಿಸಿದ ‘ರ‍್ಯಾಪರ್ಸ್ ಡಿಲೈಟ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದವಳೂ ಸಿಲ್ವಿಯಾ ರಾಬಿನ್‌ಸನ್ ಎಂಬ ಮಹಿಳೆಯೇ. ಲಾರಿನ್ ಹಿಲ್ ಎಂಬಾಕೆಯ ಸಂಪುಟವು 1999ರಲ್ಲಿ ವರ್ಷದ ಅತ್ಯುತ್ತಮ ಸಂಪುಟವೆಂಬ ಗ್ರ್ಯಾಮಿ ಪುರಸ್ಕಾರವನ್ನು ಪಡೆದಾಗ, ಹಿಪ್ ಹಾಪಿನ ಪಾಲಿಗೆ ಆ ಗೌರವ ಅದೇ ಮೊದಲು. ಹೀಗಿರುವಲ್ಲಿ, ಈ ಕಲೆಯು ಗಂಡಸರ ಸ್ವತ್ತು, ಹೆಂಗಸರು ಅದರಲ್ಲಿ ಅತಿಥಿಗಳು ಎಂಬ ಭಾವನೆ ಹೇಗೆ ಬೇರೂರಿತೋ, ಆಶ್ಚರ್ಯವೇ ಸರಿ.

ಮುಂಬಯಿಯ ಮಟ್ಟಿಗೆ ಹೇಳುವುದಾದರೆ, ಕಾರಣವು ಸ್ಥಳದಲ್ಲಿಯೂ ವೇಳೆಯಲ್ಲಿಯೂ ಅಡಗಿದೆ. 2014ರಲ್ಲಿ ಕುರ್ಲಾದ ನೇಝಿಯು ಐಪ್ಯಾಡ್ ಒಂದರ ನೆರವಿನಿಂದ ‘ಆಫತ್’ ಎಂಬ ಹಾಡನ್ನು ಚಿತ್ರೀಕರಿಸಿ ಬಿಟ್ಟದ್ದು, ಮರುವರ್ಷ ಅಂಧೇರಿಯ ಡಿವೈನ್ ಅವನೊಡಗೂಡಿ ‘ಮೇರೆ ಗಲ್ಲಿ ಮೇಂ’ ಹಾಡಿದ್ದು, 2019ರ ಫೆಬ್ರವರಿಯಲ್ಲಿ ಜೋಯಾ ಅಖ್ತರ್ ಅವರ ‘ಗಲ್ಲಿ ಬಾಯ್’ ಚಿತ್ರ ತೆರೆಕಂಡದ್ದು, ಇವೆಲ್ಲ ಸೇರಿ ಮುಂಬಯಿಯ ರ‍್ಯಾಪಿಗೆ ‘ಗಲ್ಲಿ’ಯ ಹೆಸರನ್ನು ಸ್ಥಿರಗೊಳಿಸಿದವು. ಗಲ್ಲಿಯು ಸಾರ್ವಜನಿಕವೆಂದು ನಾವು ಭಾವಿಸುತ್ತೇವೆ. ರಾತ್ರಿ ಹನ್ನೊಂದು ಗಂಟೆಗೆ ಅದೇ ಗಲ್ಲಿಯ ಮೂಲೆಯಲ್ಲಿ ನಾಲ್ಕು ಹುಡುಗರು ಕೈತಟ್ಟಿ ಪದ ಕಟ್ಟುತ್ತಿದ್ದರೆ ನೆರೆಹೊರೆಯವರು ಗೊಣಗಿ ಸುಮ್ಮನಾಗುತ್ತಾರೆ. ಅಲ್ಲಿ ಒಬ್ಬ ಹುಡುಗಿ ನಿಂತಿದ್ದರೆ ಬೆಳಗಾಗುವುದರೊಳಗೆ ಅವಳ ತಾಯಿಗೆ ಮೂವರಿಂದ ಸುದ್ದಿ ಹೋಗಿರುತ್ತದೆ. ಹುಡುಗನಿಗೆ ಅಭ್ಯಾಸಮಂದಿರವಾದ ಗಲ್ಲಿಯು ಹುಡುಗಿಗೆ ಹಾದುಹೋಗುವ ದಾರಿ ಮಾತ್ರವಾಗಿ ಉಳಿದಿರುವುದನ್ನು ಆ ಚಿತ್ರವನ್ನು ಮೆಚ್ಚಿದವರಲ್ಲಿ ಎಷ್ಟು ಮಂದಿ ಗಮನಿಸಿದರೋ ತಿಳಿಯದು.

ಅಭ್ಯಾಸವೆಂದರೆ ಏನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ‘ಸೈಫರ್’ ಎಂಬುದು ಈ ಕಲೆಯ ಗರಡಿ. ಉದ್ಯಾನದಲ್ಲಿಯೋ ಸಮುದ್ರತೀರದ ಕಟ್ಟೆಯ ಮೇಲೋ ಹತ್ತು ಹನ್ನೆರಡು ಮಂದಿ ವೃತ್ತಾಕಾರವಾಗಿ ನಿಲ್ಲುತ್ತಾರೆ. ಒಬ್ಬನು ಅಂಗೈಯನ್ನು ಬಾಯಿಗೆ ಬೋಗುಣಿಯಂತೆ ಒಡ್ಡಿ ತುಟಿ, ನಾಲಗೆ, ಗಂಟಲುಗಳಿಂದಲೇ ಮದ್ದಳೆಯ ಧಿಮಿಧಿಮಿಯನ್ನೂ ತಾಳದ ಕಿಣಿಕಿಣಿಯನ್ನೂ ಹೊರಡಿಸುತ್ತಾನೆ, ಇಲ್ಲವೆ ಸಣ್ಣ ಸ್ಪೀಕರಿನಲ್ಲಿ ಬೀಟ್ ಹಾಕುತ್ತಾರೆ. ಸರದಿ ಬಂದವರು ಸಾಮಾನ್ಯವಾಗಿ ಹದಿನಾರು ಬಾರ್‌ಗಳಷ್ಟು ಹೇಳಬೇಕು. ಒಂದು ಬಾರ್‌ಗೆ ನಾಲ್ಕು ಪೆಟ್ಟು; ನಿಮಿಷಕ್ಕೆ 90 ಪೆಟ್ಟುಗಳ ನಡೆಯಲ್ಲಿ ಹದಿನಾರು ಬಾರುಗಳು ಸುಮಾರು 43 ಸೆಕೆಂಡುಗಳಲ್ಲಿ ಮುಗಿದುಹೋಗುತ್ತವೆ. ಆ 43 ಸೆಕೆಂಡುಗಳೊಳಗೆ ಉಸಿರನ್ನು ಎಲ್ಲಿ ಕದಿಯಬೇಕು, ಯಾವ ಪದವನ್ನು ಪೆಟ್ಟಿಗೆ ಸರಿಯಾಗಿ ಕೂರಿಸಬೇಕು, ಯಾವುದನ್ನು ಪೆಟ್ಟಿನ ಹಿಂದೆ ಜಾರಿಸಿ ಕೇಳುಗನನ್ನು ಒಂದು ಕ್ಷಣ ಕಾಯಿಸಬೇಕು, ಕೊನೆಯ ಪ್ರಾಸದ ಬೀಜವನ್ನು ಎಷ್ಟು ಹಿಂದೆ ಬಿತ್ತಿರಬೇಕು ಎಂಬುದೆಲ್ಲ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಎದುರಿಗೆ ನಿಂತವರ ಮುಖ ನೋಡಿ, ತಪ್ಪಿ, ನಗೆಗೀಡಾಗಿ, ಮರುವಾರ ಮತ್ತೆ ಹೋಗಿ ಕಲಿಯತಕ್ಕದ್ದು. ಇಂತಹ ಕೂಟಗಳು ಹೆಚ್ಚಾಗಿ ನಡೆಯುವುದು ಕೆಲಸ ಬಿಟ್ಟ ಮೇಲೆ, ಅಂದರೆ ಇರುಳಿಳಿದ ಮೇಲೆ. ಮನೆಗೆ ಹಿಂತಿರುಗುವ ಸ್ಲೋ ಗಾಡಿಯ ಸಮಯವನ್ನು ಮನಸ್ಸಿನಲ್ಲಿ ಎಣಿಸುತ್ತ ನಿಂತವಳಿಗೆ, ಮೂರನೆಯ ಸುತ್ತು ಪ್ರಾರಂಭವಾಗುವ ಹೊತ್ತಿಗೆ, ಅಂದರೆ ನಾಚಿಕೆ ಬಿಟ್ಟು ನಾಲಗೆ ನಿಜವಾಗಿ ಹರಿಯತೊಡಗುವ ಹೊತ್ತಿಗೆ, ಎದ್ದು ಹೊರಡಬೇಕಾಗುತ್ತದೆ.

ವಿಕ್ರೋಳಿಯ ಈ ಹಳಿಗಳ ಮೇಲೆಯೇ ಇನ್ನೂ ದೂರದಿಂದ ಬಂದ ಒಬ್ಬಳ ಕಥೆಯನ್ನು ಇಲ್ಲಿ ನೆನೆಯಬೇಕು. ಡೀ ಎಂಸಿ ಎಂಬ ಹೆಸರಿನಿಂದ ಪ್ರಸಿದ್ಧರಾದ ದೀಪಾ ಉನ್ನಿಕೃಷ್ಣನ್ ಬೆಳೆದದ್ದು ಛತ್ರಪತಿ ಶಿವಾಜಿ ಮಹಾರಾಜ ನಿಲ್ದಾಣದಿಂದ 50 ಕಿಲೋಮೀಟರಿಗೂ ಮೇಲ್ಪಟ್ಟ ದೂರದಲ್ಲಿರುವ ಕಲ್ಯಾಣದ ಮಲೆಯಾಳಿ ಕುಟುಂಬದಲ್ಲಿ. ಮುಂಬಯಿಯ ಹಿಪ್ ಹಾಪ್ ಕೂಟಗಳಲ್ಲಿ ಹೆಣ್ಣಿನ ದನಿ ಬೆರಳೆಣಿಕೆಯಷ್ಟೇ ಇದ್ದ ದಿನಗಳಲ್ಲಿ ವೃತ್ತದೊಳಕ್ಕೆ ಕಾಲಿಟ್ಟು, ಇಂಗ್ಲಿಷಿನಲ್ಲಿ ಮೊದಲುಮಾಡಿ ಹಿಂದಿಗೆ ಹೊರಳಿ, ‘ಗಲ್ಲಿ ಬಾಯ್’ ಚಿತ್ರದಲ್ಲಿಯೂ ಕ್ಷಣಕಾಲ ಕಾಣಿಸಿಕೊಂಡು, ಅದೇ 2019ರಲ್ಲಿ ಐನ್‌ಸ್ಟೈನರ ಸಮೀಕರಣವನ್ನು ಹಾಸ್ಯವಾಗಿ ತಿರುಚಿದ ಹೆಸರಿನ ತಮ್ಮ ಮೊದಲ ಸಂಪುಟವನ್ನು ಅವರು ಹೊರತಂದರು. ಅವರಿಗೂ ಮುಂಚೆ, 2007ರಲ್ಲಿ, ಕಾನಪುರದಲ್ಲಿ ಹುಟ್ಟಿ ಬರ್ಮಿಂಗ್‌ಹ್ಯಾಮಿನಲ್ಲಿ ಬೆಳೆದ ಹಾರ್ಡ್ ಕೌರ್ ‘ಸೂಪಾವುಮನ್’ ಎಂಬ ಸಂಪುಟದ ಮೂಲಕ ಹೆಸರಾಗಿದ್ದರು. ಆದರೆ ಅವರು ಏರಿದ್ದು ವಿದೇಶದ ಅನುಭವದ ಮೇಲೆ, ಹಿಂದಿ ಚಿತ್ರಗಳ ಮೆಟ್ಟಿಲಿನಿಂದ. ಉಪನಗರದ ಲೋಕಲ್ ಗಾಡಿಯಿಂದಿಳಿದು ಬಂದವರು ಡೀ ಎಂಸಿ. ಇವೆರಡೂ ಬೇರೆ ಬೇರೆ ಪಯಣಗಳೆಂಬುದನ್ನು, ‘ಭಾರತದ ಮಹಿಳಾ ರ‍್ಯಾಪರು’ ಎಂದು ಒಂದೇ ಪಟ್ಟಿಯಲ್ಲಿ ಪೋಣಿಸುವ ಪತ್ರಿಕೆಗಳು ಮರೆಯುತ್ತವೆ.

ಒಬ್ಬಳೇ ಹೋದರೆ ಕಷ್ಟವಾಗುವ ಸ್ಥಳಕ್ಕೆ ಹಲವರು ಕೂಡಿ ಹೋಗಬಹುದೆಂಬ ಸರಳವಾದ ವಿವೇಕದಿಂದ 2020ರಲ್ಲಿ ಮುಂಬಯಿಯಲ್ಲಿ ‘ವೈಲ್ಡ್ ವೈಲ್ಡ್ ವಿಮೆನ್’ ಎಂಬ ಕೂಟವು ರೂಪುಗೊಂಡಿತು. ದೇಶದ ಪ್ರಥಮ ಸರ್ವಸ್ತ್ರೀ ಹಿಪ್ ಹಾಪ್ ಕೂಟವೆಂದು ಪತ್ರಿಕೆಗಳು ಅದನ್ನು ಬಣ್ಣಿಸಿವೆ. ಅಶ್ವಿನಿ ಹಿರೇಮಠ, ಪ್ರೀತಿ ಸುತಾರ, ಶ್ರುತಿ ರಾವುತ, ಪ್ರತೀಕಾ ಪ್ರಭುಣೆ, ಜಾಕ್ವಿಲಿನ್ ಲ್ಯೂಕಸ್ ಎಂಬ ಐವರು ಗಾಯಕಿಯರು ಕ್ರಮವಾಗಿ ಕ್ರಾಂತಿನಾರಿ, ಹ್ಯಾಶ್‌ಟ್ಯಾಗ್ ಪ್ರೀತಿ, ಎಂಸಿ ಮಹಿಲಾ, ಪ್ರತೀಕಾ, ಜೆಕ್ವೀನ್ ಎಂಬ ರಂಗನಾಮಗಳಿಂದ ಹಾಡುತ್ತಾರೆ. ಅವರೊಡನೆ ಬ್ರೇಕ್ ನೃತ್ಯ ಮಾಡುವವರು, ಗೋಡೆಚಿತ್ರ ಬರೆಯುವವರು, ಸ್ಕೇಟ್‌ಬೋರ್ಡ್ ಆಡುವವರು ಸೇರಿಕೊಂಡಿದ್ದಾರೆ. ಹಾಡು, ಕುಣಿತ, ಚಿತ್ರ ಮೂರೂ ಒಂದೇ ಮನೆಯ ಮಕ್ಕಳೆಂಬ ಹಿಪ್ ಹಾಪಿನ ಹಳೆಯ ಶ್ರದ್ಧೆಯನ್ನು ಗಂಡಸರ ತಂಡಗಳು ಬಹುಮಟ್ಟಿಗೆ ಕೈಬಿಟ್ಟ ಕಾಲದಲ್ಲಿ ಈ ಹೆಂಗಸರು ಅದನ್ನು ಉಳಿಸಿಕೊಂಡಿರುವುದು ನನಗೆ ವಿಶೇಷವಾಗಿ ಕಾಣುತ್ತದೆ. ಹಿಂದಿ, ಮರಾಠಿ, ತಮಿಳು, ಇಂಗ್ಲಿಷುಗಳ ಜೊತೆಗೆ ಕನ್ನಡವೂ ಈ ಕೂಟದ ಹಾಡುಭಾಷೆಗಳಲ್ಲಿ ಒಂದು. ಪ್ರತೀಕಾ ಇದಕ್ಕೆ ಮೊದಲು ಮೆಟಲ್ ಎಂಬ ಉಗ್ರಸಂಗೀತದ ತಂಡಗಳಲ್ಲಿ ಬಾಸ್ ಗಿಟಾರನ್ನು ನುಡಿಸಿ ಹಾಡಿದವರು. ಅವರ ದನಿಯ ಒರಟಿನಲ್ಲಿ ಆ ಸಾಧನೆಯ ಗುರುತು ಈಗಲೂ ಉಂಟು.

ಕೂಟವೆಂದರೆ ಬರಿಯ ಸ್ನೇಹವಲ್ಲ, ಒಂದು ಅರ್ಥವ್ಯವಸ್ಥೆ. ತಡವಾದರೆ ಜೊತೆಯಾಗಿ ಹಿಂದಿರುಗಬಹುದು, ಟ್ಯಾಕ್ಸಿಯ ಬಾಡಿಗೆಯನ್ನು ಹಂಚಿಕೊಳ್ಳಬಹುದು. ಸಂಭಾವನೆಯ ಮಾತನ್ನು ಒಬ್ಬಳು ನಾಚಿ ಎತ್ತದಿದ್ದರೆ ಇನ್ನೊಬ್ಬಳು ಎತ್ತಬಹುದು. ವೇದಿಕೆಯ ಹಿಂಭಾಗದಲ್ಲಿ ಯಾವನಾದರೂ ಅಸಭ್ಯವಾಗಿ ನಡೆದರೆ ಸಾಕ್ಷಿಗಳಿರುತ್ತಾರೆ. ಪುರುಷ ಗಾಯಕನ ಏಳಿಗೆಯನ್ನು ವಿವರಿಸುವಾಗ ಇಂತಹ ಸಂಗತಿಗಳನ್ನು ಯಾರೂ ಬರೆಯುವುದಿಲ್ಲ, ಏಕೆಂದರೆ ಅವು ಅವನ ಲೆಕ್ಕದಲ್ಲಿ ವೆಚ್ಚವಾಗಿ ಕಾಣಿಸುವುದೇ ಇಲ್ಲ.

ವೈಲ್ಡ್ ವೈಲ್ಡ್ ವಿಮೆನ್ ಕೂಟದ ‘ರಾಜಾ ಬೇಟಾ’ ಎಂಬ ಹಾಡು ಮುದ್ದಿನಿಂದ ಕೆಟ್ಟ ಗಂಡುಮಗನನ್ನು ವಿಡಂಬಿಸುತ್ತದೆ. ಅದನ್ನು ಕೇಳುವಾಗ, ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳ ಗೀಗೀ ಮೇಳದ ನೆನಪಾಗದಿರುವ ಕನ್ನಡಿಗನಿರಲಾರನು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿಗಳ ಸೀಮೆಯಲ್ಲಿ ಹರದೇಶಿ-ನಾಗೇಶಿ ಎಂಬ ಎರಡು ಪಕ್ಷಗಳು ದಪ್ಪು, ತುಂತುಣಿ, ತಾಳಗಳ ಗತ್ತಿನಲ್ಲಿ ಎದುರುಬದುರಾಗಿ ನಿಂತು, ಹರದೇಶಿಯವರು ಪುರುಷನೇ ಶ್ರೇಷ್ಠನೆಂದೂ ನಾಗೇಶಿಯವರು ಪ್ರಕೃತಿಯೇ, ಅಂದರೆ ಹೆಣ್ಣೇ, ಶ್ರೇಷ್ಠಳೆಂದೂ ಪದಕ್ಕೆ ಪದ ಒಡ್ಡಿ ರಾತ್ರಿಯೆಲ್ಲ ವಾದಿಸುತ್ತಾರೆ. ನಾಗೇಶಿಯ ಪಕ್ಷವನ್ನು ಹಾಡುವವರು ಬಹುಮಟ್ಟಿಗೆ ಹೆಂಗಸರೇ. ಎದುರಾಳಿಯ ಸವಾಲನ್ನು ಅವನ ಪ್ರಾಸದಲ್ಲಿಯೇ ಹಿಡಿದು ಹಿಂದಕ್ಕೆಸೆಯುವುದು, ಪುರಾಣವನ್ನು ಸಾಕ್ಷಿಗೆಳೆಯುವುದು, ನೆರೆದವರ ಕೇಕೆಯಿಂದ ತೀರ್ಪು ಪಡೆಯುವುದು, ಇವಿಷ್ಟೂ ಇಂದು ‘ರ‍್ಯಾಪ್ ಬ್ಯಾಟಲ್’ ಎನಿಸಿಕೊಳ್ಳುವುದರ ಅಂಗೋಪಾಂಗಗಳು. ಕಲ್ಗಿ-ತುರಾ ಎಂಬ ಈ ವಾದಸಂಪ್ರದಾಯವು ಮರಾಠಿ ಲಾವಣಿಯಲ್ಲಿಯೂ ಇದ್ದು, ಗಡಿಯ ಎರಡೂ ಬದಿಗೆ ಹರಡಿಕೊಂಡಿದೆ. ಹಿರೇಮಠವೆಂಬ ಮನೆತನದ ಹೆಸರು ಆ ಸೀಮೆಯ ಊರೂರಿನಲ್ಲಿ ಕೇಳಿಬರುವುದು. ಹಾಗೆಂದು ಮುಂಬಯಿಯ ಕ್ರಾಂತಿನಾರಿಯು ನಾಗೇಶಿಯಿಂದ ಕಲಿತಳೆಂದು ನಾನು ಹೇಳುತ್ತಿಲ್ಲ. ಹೆಣ್ಣು ಗಟ್ಟಿಯಾಗಿ ಪ್ರಾಸಬದ್ಧವಾಗಿ ಜಗಳವಾಡುವುದು ಅಮೆರಿಕದಿಂದ ಬಂದ ಚಾಳಿ ಎಂದು ಮೂಗು ಮುರಿಯುವ ನಮ್ಮ ಹಿರಿಯರಿಗೆ, ಅವರ ಅಜ್ಜಿಯರು ಕಂಬಳಿ ಹೊದ್ದು ಬೆಳಗಿನವರೆಗೆ ಕುಳಿತು ಕೇಳಿದ್ದೇನು ಎಂಬುದನ್ನು ಜ್ಞಾಪಿಸುತ್ತಿದ್ದೇನೆ, ಅಷ್ಟೆ.

ವಿಕ್ರೋಳಿಯ ನೆರೆಯಲ್ಲಿಯೂ ಇಂತಹ ಪರಂಪರೆಗೆ ಕೊರತೆಯಿಲ್ಲ. ಪಕ್ಕದ ಘಾಟಕೋಪರದ ಚಿರಾಗ ನಗರದ ಗುಡಿಸಲಿನಲ್ಲಿ ವಾಸವಾಗಿದ್ದ ಶಾಹೀರ, ಅಂದರೆ ಲಾವಣಿಕವಿ, ಅಣ್ಣಾಭಾವು ಸಾಠೆಯವರು 1944ರಲ್ಲಿ ಸಂಗಡಿಗರೊಡನೆ ‘ಲಾಲ್ ಬಾವಟಾ ಕಲಾಪಥಕ’ವನ್ನು ಕಟ್ಟಿ ಕಾರ್ಮಿಕರ ಬವಣೆಯನ್ನು ಪೋವಾಡ, ಲಾವಣಿಗಳಲ್ಲಿ ಹಾಡಿದರು. ವಿಕ್ರೋಳಿಯ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಿನ ರಮಾಬಾಯಿ ನಗರದಲ್ಲಿ 1997ರ ಜುಲೈ 11ರಂದು, ಅಂಬೇಡ್ಕರರ ಪ್ರತಿಮೆಗಾದ ಅವಮಾನವನ್ನು ಪ್ರತಿಭಟಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹತ್ತು ಜನ ಸತ್ತಾಗ, ಆ ದುಃಖವನ್ನು ತಾಳಲಾರದೆ ಶಾಹೀರ ವಿಲಾಸ ಘೋಗ್ರೆ ಪ್ರಾಣತ್ಯಾಗ ಮಾಡಿದರು. ಆ ಘಟನೆಯಿಂದ ಪ್ರಾರಂಭವಾಗುವ ಆನಂದ ಪಟವರ್ಧನರ ‘ಜೈ ಭೀಮ್ ಕಾಮ್ರೇಡ್’ ಚಿತ್ರದಲ್ಲಿ ಪುಣೆಯ ಕಬೀರ ಕಲಾ ಮಂಚದ ಶೀತಲ ಸಾಠೆಯವರ ಕಂಠವನ್ನು ಕೇಳಿದವರು ಅದನ್ನು ಮರೆಯಲಾರರು. ಮಹಾದೇವ ಕೋಳಿ ಬುಡಕಟ್ಟಿನ ಮಧುರಾ ಘಾಣೆಯವರು ಮಾಹಿ ಜಿ ಎಂಬ ಹೆಸರಿನಿಂದ ಕಾಡು, ನೆಲ, ಆದಿವಾಸಿಗಳ ಹಕ್ಕುಗಳನ್ನು ಕುರಿತು ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ರ‍್ಯಾಪ್ ಮಾಡುತ್ತಿರುವುದು ಇದೇ ಶಾಹೀರಿಯ ಮುಂದುವರಿಕೆಯೆಂದು ಭಾವಿಸಿದರೆ ತಪ್ಪಾಗದು.

ಇನ್ನು ಜೀವನೋಪಾಯ. ಹಾಡೊಂದನ್ನು ಸಿದ್ಧಪಡಿಸಲು ಈಗ ದೊಡ್ಡ ಸ್ಟುಡಿಯೊ ಬೇಕಿಲ್ಲವೆಂಬುದು ನಿಜ. ಕಂಪ್ಯೂಟರೂ ಮೈಕೂ ಇದ್ದರೆ ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರೊಳಕ್ಕೆ ಮುಖವಿಟ್ಟು ಹಾಡಿದರೂ ಆದೀತು, ಬಟ್ಟೆಗಳು ಮಾರ್ದನಿಯನ್ನು ಹೀರಿಕೊಳ್ಳುತ್ತವೆ. ಆದರೆ ಒಂದೇ ಖೋಲಿಯ ಸಂಸಾರದಲ್ಲಿ ಫ್ಯಾನು ನಿಲ್ಲಿಸಿ, ತಂದೆಯ ಟಿವಿಯನ್ನು ನಿಲ್ಲಿಸಿ, ಪಕ್ಕದ ಮನೆಯ ಕುಕ್ಕರಿನ ಸೀಟಿಗಳು ಮುಗಿಯುವವರೆಗೆ ಕಾದು, ನಲ್ಲಿಯಲ್ಲಿ ನೀರು ಬರುವ ವೇಳೆಯನ್ನು ತಪ್ಪಿಸಿ ನಾಲ್ಕು ಸಾಲು ಧ್ವನಿಮುದ್ರಿಸುವುದು ಸಾಮಾನ್ಯ ತಪಸ್ಸಲ್ಲ. ಬೀಟನ್ನು ಕೊಂಡುಕೊಳ್ಳಬೇಕು, ಮಿಕ್ಸಿಂಗ್ ಮಾಡಿದವನಿಗೆ ಕೊಡಬೇಕು, ವೀಡಿಯೊಗೆ ಕ್ಯಾಮರಾದವನನ್ನು ಕರೆಯಬೇಕು. ಜಾಲದಲ್ಲಿ ಒಂದು ಸಲ ಕೇಳಿದ್ದಕ್ಕೆ ಬರುವುದು ಪೈಸೆಗಳ ಲೆಕ್ಕ. ಆದುದರಿಂದ ಬಹುತೇಕ ಗಾಯಕಿಯರು ಹಗಲು ಮತ್ತೊಂದು ಉದ್ಯೋಗ ಮಾಡುತ್ತಾರೆ, ಜಾಹೀರಾತುಗಳಿಗೆ ಬರೆಯುತ್ತಾರೆ, ಇಲ್ಲವೆ ಮಕ್ಕಳಿಗೆ ಕಲಿಸುತ್ತಾರೆ. ಧಾರಾವಿಯಲ್ಲಿ ಹಿಪ್ ಹಾಪನ್ನು ಉಚಿತವಾಗಿ ಕಲಿಸುವ ಶಾಲೆಯೇ ಇದೆ. ಈ ಆದಾಯಮೂಲಗಳಲ್ಲಿ ಕಲಿಸುವಿಕೆಯೇ ಹೆಚ್ಚು ಬಾಳಿಕೆಯದೆಂದು ನನ್ನ ಅಭಿಪ್ರಾಯ.

ಮಾರ್ಚ್ ತಿಂಗಳಲ್ಲಿ ಮಾತ್ರ ಈ ಗಾಯಕಿಯರಿಗೆ ಬಿಡುವಿರುವುದಿಲ್ಲ. ಮಹಿಳಾ ದಿನಾಚರಣೆಗೆ ಕಚೇರಿಗಳೂ ಕಾಲೇಜುಗಳೂ ಒಟ್ಟಿಗೆ ಕರೆಯುತ್ತವೆ, ಹೂಗುಚ್ಛ ಕೊಡುತ್ತವೆ, ‘ಹೆಣ್ಣಾಗಿ ರ‍್ಯಾಪ್ ಮಾಡುವುದು ಹೇಗನ್ನಿಸುತ್ತದೆ’ ಎಂದು ಕೇಳುತ್ತವೆ. ಏಪ್ರಿಲಿನಲ್ಲಿ ಉತ್ಸವಗಳ ಪಟ್ಟಿ ಪ್ರಕಟವಾದಾಗ ಹನ್ನೆರಡು ಗಂಡಸರ ಹೆಸರುಗಳ ಕೆಳಗೆ ಒಂದು ಹೆಣ್ಣಿನ ಹೆಸರು ಸಣ್ಣಕ್ಷರದಲ್ಲಿರುತ್ತದೆ. ಇದು ಸನ್ಮಾನದ ವೇಷದಲ್ಲಿ ಬಂದ ಅವಜ್ಞೆ. ಗಾಯಕಿಯ ಉಸಿರಾಟ ಹೇಗಿದೆ, ಪ್ರಾಸ ಹೊಸದೋ ಹಳಸಲೋ, ಪದ ಪೆಟ್ಟಿಗೆ ಕೂರುವುದೋ ಇಲ್ಲವೋ ಎಂದು ವಿಮರ್ಶಿಸುವವರು ಸಿಗದಿರುವುದೇ ಅವಳ ಬೆಳವಣಿಗೆಗೆ ಬಯ್ಗುಳಕ್ಕಿಂತ ಹೆಚ್ಚಿನ ತಡೆ. ವೈಲ್ಡ್ ವೈಲ್ಡ್ ವಿಮೆನ್ ಕೂಟದ ಹಾಡುಗಳೆಲ್ಲವೂ ಸಮಾನವಾಗಿ ನನಗೆ ಹಿಡಿಸಿವೆಯೆಂದು ಹೇಳಲಾರೆ. ಕೆಲವೆಡೆ ಘೋಷಣೆಯು ಲಯವನ್ನು ತುಳಿಯುತ್ತದೆ, ಕೆಲವೆಡೆ ಐದು ದನಿಗಳಿಗೂ ಸಮಪಾಲು ಕೊಡುವ ನ್ಯಾಯಬುದ್ಧಿಯಿಂದ ಹಾಡು ಉದ್ದವಾಗುತ್ತದೆ. ಭಾಷೆಯಿಂದ ಭಾಷೆಗೆ ಜಿಗಿಯುವಾಗ ಮಾತ್ರ ಇವರನ್ನು ಮೀರಿಸುವವರು ವಿರಳ.

ಕರ್ನಾಟಕದೊಳಗಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಬೆಂಗಳೂರಿನಲ್ಲಿ ಸಿರಿ ನಾರಾಯಣ್ ಕನ್ನಡ, ಇಂಗ್ಲಿಷುಗಳೆರಡರಲ್ಲಿಯೂ ಹಾಡಿ ಗಮನ ಸೆಳೆದಿದ್ದಾರೆ; ಆಲ್ ಓಕೆ, ಚಂದನ್ ಶೆಟ್ಟಿ ಮೊದಲಾದ ಗಂಡು ರ‍್ಯಾಪರರ ಹೆಸರು ಹಳ್ಳಿಗಳಿಗೂ ಮುಟ್ಟಿರುವಾಗ ಸಿರಿಯವರ ಹೆಸರು ನಗರದ ಕೇಳುಗರ ವಲಯವನ್ನು ದಾಟಿಲ್ಲ. ಆದರೆ ಕರ್ನಾಟಕದ ಹೊರಗೆ, ಶಿಲಾಂಗಿನ ಮೇಬಾ ಒಫಿಲಿಯಾ 2018ರಲ್ಲಿ ಎಂಟಿವಿ ಯುರೋಪಿನ ಭಾರತೀಯ ವಿಭಾಗದ ಪ್ರಶಸ್ತಿಯನ್ನು ಪಡೆದದ್ದನ್ನೂ, ಕೊಡೈಕೆನಾಲಿನ ಇರ್ಫಾನಾ ತಮಿಳಿನಲ್ಲಿ ಹಾಡಿ ಹೆಸರಾಗಿರುವುದನ್ನೂ ನೋಡಿದರೆ, ಸಣ್ಣ ಊರೆಂಬುದೂ ಪ್ರಾದೇಶಿಕ ಭಾಷೆಯೆಂಬುದೂ ಅಡ್ಡಿಯಲ್ಲವೆಂದು ತಿಳಿಯುತ್ತದೆ.

ಮುಂಬಯಿಯ ಕನ್ನಡಿಗರಲ್ಲಿ ಒಂದು ಬಿನ್ನಹವುಂಟು. 1926ರ ಮೈಸೂರು ಅಸೋಸಿಯೇಶನ್ನಿನಿಂದ, 1933ರ ಕರ್ನಾಟಕ ಸಂಘದಿಂದ ಹಿಡಿದು ಉಪನಗರಗಳ ಸಣ್ಣ ಸಂಘಗಳವರೆಗೆ ಈ ನಗರದಲ್ಲಿ ನಮ್ಮವರು ಕಟ್ಟಿದ ಸಂಸ್ಥೆಗಳು ಹಲವು. ಯಕ್ಷಗಾನಕ್ಕೂ ನಾಟಕಕ್ಕೂ ತಾಳಮದ್ದಳೆಗೂ ಅವು ಆಶ್ರಯವಿತ್ತಿವೆ. ಸಭಾಂಗಣವಿರುವ ಸಂಘಗಳು ವಾರದಲ್ಲಿ ಒಂದು ದಿನ, ಬೆಳಕಿರುವ ಹೊತ್ತಿನಲ್ಲಿ, ಹಾಡು ಕಟ್ಟುವ ಹುಡುಗಿಯರಿಗೆ ಒಂದು ಕೋಣೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಡಲಿ. ನವೆಂಬರಿನ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಭಾಷಣಗಳಿಂದ ಅರ್ಧ ಗಂಟೆಯನ್ನು ಕತ್ತರಿಸಿ ಅವರನ್ನು ಕರೆಯಲಿ. ಉತ್ತರ ಕರ್ನಾಟಕದ ಒಂದು ನಾಗೇಶಿ ಮೇಳವನ್ನೂ ಅದೇ ವೇದಿಕೆಗೆ ಕರೆಸಲಿ. ಇಬ್ಬರಿಗೂ ಶಾಲಿನ ಜೊತೆಗೆ ಸಂಭಾವನೆಯನ್ನೂ ಕೊಡಲಿ, ಕಾರ್ಯಕ್ರಮವನ್ನು ರಾತ್ರಿ ಒಂಬತ್ತರೊಳಗೆ ಮುಗಿಸಲಿ.